ಮೃತರ ಸ್ಮರಣೆಯ ದಿನ

ಪಪ್ಪ ಅನಾಥಾಲಯದಲ್ಲಿ ಬೆಳೆದವರು. ಎಪ್ಪತ್ತು ದಾಟಿದ ಮೇಲೆ ಹೆತ್ತವರ ಮೂಲ ಹುಡುಕುವ ಹಟ ಹಿಡಿದರು. ಇಗರ್ಜಿಯಿಂದ ಇಗರ್ಜಿಗೆ ಅಲೆದು ನಮ್ಮಿಬ್ಬರಿಗೂ ಸಾಕಾಗಿಹೋಗಿತ್ತು. ಕೊನೆಗೆ ಹೊಳೆಯಾಚೆಯ ಊರೊಂದರಲ್ಲಿ ಅವರ ಜ್ಞಾನಸ್ನಾನದ ದಾಖಲೆ ಸಿಕ್ಕಿತು.

"ಆ ಮನೆಯಲ್ಲಿ ಈಗ ಉಳಿದಿರುವುದು ಮಗಳೊಬ್ಬರೇ," ಎಂದರು ಫಾದರ್. "ಇವತ್ತು ಮೃತರ ಸ್ಮರಣೆಯಲ್ಲವೇ, ಹಿಂದುಗಡೆ ಸಿಮೆಟ್ರಿಯಲ್ಲಿದ್ದಾರೆ."

ಅಲ್ಲಿ ಮುದುಕಿಯೊಬ್ಬರು ಶಿಲುಬೆಯ ಬುಡದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು.

"ಯಾರಿಗಮ್ಮ ಇದು?" ಎಂದು ಕೇಳಿದೆ.

"ನನ್ನ ತಮ್ಮ ಬಾಲ್ತಜಾರನಿಗೆ. ಕೂಸಿದ್ದಾಗ ಪೇಟೆಯ ಆಸ್ಪತ್ರೆಗೆ ಎತ್ತಿಕೊಂಡು ಹೋದ ಅಪ್ಪ ಬರಿಗೈಯಲ್ಲಿ ಬಂದರು. ತೀರಿಕೊಂಡ ಅಂದರು."

ಪಪ್ಪ ಮುಂದೆ ಬಂದರು.

"ಅಕ್ಕಾ, ಬಾಲ್ತಜಾರ ನಾನೇ."

ಮುದುಕಿ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಮೇಣದಬತ್ತಿಯನ್ನು ಊದಿ ಆರಿಸಿದರು.