ಶಾಲು ಹೊದ್ದು ಬರ್ರಿ

ಗದಗಿನಲ್ಲಿ ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸು. ಅಲ್ಲಿ ಮದುವೆ ಕಾರ್ಡು ಡಿಸೈನ್ ಮಾಡುವವನು ಯಮನೂರ.

ಕೈ ಕೆಲಸ ಅಚ್ಚುಕಟ್ಟು... ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಸಂಕ್ರಾಂತಿ ಕಳೆದ ಮೇಲೆ, ಮಾಗಿ ಚಳಿಯಲ್ಲಿ ಶಿವಲೀಲಾಳ ಮದುವೆ. ಅವಳಿಗೆ ಎಲ್ಲರಂಥ ರೆಡಿಮೇಡ್ ಕಾರ್ಡು ಬೇಡ.

ಕಾರ್ಡು, ಕವರು, ತಾಂಬೂಲದ ಚೀಲ... ಎಲ್ಲದರ ಮೇಲೂ ಅವ್ವನ ಹಳೇ ಶಾಲಿನ ಅಂಚು ಬರಬೇಕು. ಅಪ್ಪ ತೀರಿಹೋಗಿದ್ದರಿಂದ ಕರೆಯುವವರ ಜಾಗದಲ್ಲಿ ಮೊದಲು ಅವ್ವ ನೀಲವ್ವನ ಹೆಸರು, ಆಮೇಲೆ ದೊಡ್ಡಪ್ಪ ರುದ್ರಗೌಡರದು.

ಯಮನೂರ ಮನಸ್ಸಿಟ್ಟು ಮಾಡಿದ. ಆ ಶಾಲಿನ ಕೆಂಪು ಅಂಚು ಕಾರ್ಡಿನ ಮೇಲೆ ನೇಯ್ದಂತೆಯೇ ಕೂತಿತ್ತು.

ಅಷ್ಟರಲ್ಲಿ ದೊಡ್ಡಪ್ಪನ ನಂಬರಿನಿಂದ ಒಂದು ಮೆಸೇಜು... "ನೀಲವ್ವನ ಹೆಸರು ತೆಗೆಯಿರಿ."

ಯಮನೂರನಿಗೆ ಮೈ ಉರಿದುಹೋಯಿತು. ಅವನ ಅಪ್ಪನೂ ಇಲ್ಲ. ಅಕ್ಕನ ಮದುವೆಯಲ್ಲಿ ಅವನ ಅವ್ವ ಅಕ್ಕಿ ಚೀಲಗಳ ಹಿಂದೆ ನಿಂತು ಅಕ್ಷತೆ ಹಾಕಿದ್ದಳು...

ಮರುದಿನ ಶಿವಲೀಲಾ, ನೀಲವ್ವ, ಗೌಡರು ಮೂವರೂ ಕಾರ್ಡು ನೋಡಲು ಬಂದರು. ಗೌಡರು ಕುರ್ಚಿಯಲ್ಲಿ ಕೂತರು. ನೀಲವ್ವ ಸೆರಗು ಹೊದ್ದು, ಅವರಿಗೆ ಬೆನ್ನು ಮಾಡಿ ನಿಂತಳು.

ಯಮನೂರ ನಮಸ್ಕಾರವನ್ನೂ ಹೇಳಲಿಲ್ಲ.

"ಗೌಡ್ರ, ಊರಿಗೆ ಹಿರ್ಯಾರು ನೀವು. ಹೆತ್ತಾಕಿ ಹೆಸರು ಕಣ್ಣಿಗೆ ಚುಚ್ಚತೇತೇನ್ರಿ ನಿಮಗ?"

ಗೌಡರು ಕಕ್ಕಾಬಿಕ್ಕಿಯಾದರು. "ಏನ್ ಮಾತಾಡಾಕತ್ತೀಯೋ ತಮ್ಮಾ?"

ಅವನು ಫೋನು ತೆಗೆದು ಮೆಸೇಜು ಮುಂದೆ ಹಿಡಿದ. ಗೌಡರು ಅದನ್ನು ಓದಿ ಜೇಬಿನಲ್ಲಿ ತಮ್ಮ ಫೋನು ತಡಕಿದರು.

ಮಾತಾಡಿದ್ದು ನೀಲವ್ವ...

"ಅವರನ್ನ ಬೈಬ್ಯಾಡಪಾ. ನಿನ್ನೆ ಅವರು ಉಣ್ಣಾಕ ಕುಂತಾಗ ಅವರ ಫೋನಿನಿಂದ ಕಳಿಸಿದಾಕಿ ನಾನ. ಗಂಡ ಇಲ್ದಾಕಿ ಹೆಸರು ಮೊದಲಿಗೆ ಕಂಡ್ರ ಬೀಗರು ಏನಂದಾರು? ನನ್ನಿಂದ ಕೂಸಿಗೆ ಒಂದು ಮಾತು ಬರಬಾರದು."

"ಯವ್ವಾ..." ಶಿವಲೀಲಾ ಅಳುತ್ತಾ ಅವ್ವನ ಕೈ ಹಿಡಿದಳು.

ಯಮನೂರನಿಗೆ ಬೈಯುವುದಕ್ಕೆ ಯಾರೂ ಸಿಗಲಿಲ್ಲ.

ನೀಲವ್ವ ಗಂಡನ ಅಣ್ಣನ ಜೊತೆ ನೇರ ಮಾತಾಡಿದವಳೇ ಅಲ್ಲ. ಗೌಡರೂ ಅಷ್ಟೇ. ಆ ಮನೆಯ ಪದ್ಧತಿ ಅದು... ಏನಿದ್ದರೂ ನಡುವೆ ಒಬ್ಬರು ಬೇಕು. ಅವತ್ತು ನಡುವೆ ಸಿಕ್ಕವನು ಯಮನೂರ.

ಗೌಡರು ಅವನಿಗೇ ಹೇಳಿದರು. "ಆಕಿಗೆ ಹೇಳು. ನನ್ನ ತಮ್ಮ ಹೋದ ಮ್ಯಾಲೆ ಮಗಳನ್ನ ಸಾಕಿದಾಕಿ ಆಕಿ. ನಾ ಹಬ್ಬಕ್ಕ ಬಂದು ಹೋಳಿಗಿ ಉಂಡು ಹೋದಾಂವ. ಆಕಿ ಹೆಸರಿಲ್ಲ ಅಂದ್ರ ನನ್ನದೂ ತೆಗದಬಿಡು."

"ಇಬ್ಬರದೂ ತೆಗದ್ರ ಮದುವಿಗೆ ಕರಿಯೋರು ಯಾರ್ರಿ?" ಯಮನೂರ ಕೇಳಿದ.

ನೀಲವ್ವ ಗೋಡೆ ನೋಡುತ್ತಾ ಅಂದಳು. "ದೇವರು ಕರೀತಾನ ಅಂತ ಹೇಳಪಾ."

"ಕೇಳು ಆಕಿನ್ನ... ಈ ಚಳಿಯಾಗ ಬಂದವರಿಗೆ ದೇವರು ಕಷಾಯ ಕಾಸಿ ಕೊಡ್ತಾನೇನು?"

ಶಿವಲೀಲಾ ಅಳುತ್ತಲೇ ನಕ್ಕಳು. ಗೌಡರು ನಗಲಿಲ್ಲ. ಅವರ ಕಣ್ಣು ಶಾಲಿನ ಅಂಚಿನ ಮೇಲಿತ್ತು.

"ಈ ಶಾಲು ನನ್ನ ತಮ್ಮ ಆಕಿಗೆ ತಂದದ್ದು. ಅವನಿದ್ದಿದ್ರ ಆಕಿ ಹೆಸರು ಬಿಟ್ಟು ಕಾರ್ಡು ಹೊಡಸ್ತಿದ್ನೇನು? ಅದನ್ನೂ ಕೇಳು."

ಯಮನೂರ ನೀಲವ್ವನ ಕಡೆ ನೋಡಿದ.

ಕೇಳುವ ಅಗತ್ಯ ಬೀಳಲಿಲ್ಲ. ನೀಲವ್ವ ನಿಧಾನವಾಗಿ ಗೌಡರ ಕಡೆ ತಿರುಗಿದಳು.

"ಭಾವಾರ... ನನ್ನ ಹೆಸರೂ ಇರ್ಲಿ. ನಾನ ಕರೀತೀನಿ."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಅವರಿಗೆ ಆಡಿದ ಮೊದಲ ಮಾತು ಅದು.

ಗೌಡರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ರೂಢಿಯಂತೆ ಯಮನೂರನ ಕಡೆ ನೋಡಿ "ಆಕಿಗೆ ಹೇಳು..." ಅಂದವರು ಅಲ್ಲೇ ತಡೆದರು.

"ಹಂಗ ಆಗಲಿ ತಂಗೀ. ನೀನ ಕರಿ."

"ಏನಂತ ಕರಿಯೂಣ್ರಿ, ಅವ್ವಾರ?" ಯಮನೂರ ಕೀಬೋರ್ಡು ಎಳೆದುಕೊಂಡ.

ಅವಳು ಹೇಳಿದಳು. ಅವನು "ಬಂಧುಮಿತ್ರರೊಡನೆ ಆಗಮಿಸಿ" ಎಂಬ ಸಾಲನ್ನು ಅಳಿಸಿ, ಅವಳ ಮಾತನ್ನು ಅವಳ ಬಾಯಲ್ಲಿ ಬಂದ ಹಾಗೇ ಕೂರಿಸಿದ...

"ಮಾಗಿ ಚಳಿ ಭಾಳ ಐತಿ. ಎಲ್ಲಾರೂ ಶಾಲು ಹೊದ್ದು ಬರ್ರಿ. ಬಿಸಿ ಕಷಾಯ ಇಟ್ಟಿರ್ತೀನಿ.
ನಿಮ್ಮ ನೀಲವ್ವ."

ಕೆಳಗೆ, ರುದ್ರಗೌಡರು.

* * *

ಸಾಕಿ ಬೆಳೆಸಿದ ಕೈಗಿಂತ ಶುಭವಾದದ್ದು ಯಾವ ಮದುವೆ ಮನೆಯಲ್ಲೂ ಇಲ್ಲ.

ನಿಮ್ಮ ಮನೆಯ ಕಾರ್ಡಿನಿಂದ ತಮ್ಮ ಹೆಸರನ್ನು ತಾವೇ ತೆಗೆಸಿ, ಹಿಂದೆ ನಿಂತವರು ಯಾರು...? ಅವರನ್ನು ಮುಂದೆ ಕರೆದಿದ್ದೀರಾ?