ಮೈಕು ಹಿಡಿದವಳು

"ನನ್ನ ಮಗಳು ಚೆನ್ನಾಗಿ ಬರೀತಾಳೆ ಸಾರ್, ಅದು ನಂಗೂ ಗೊತ್ತು. ಆದ್ರೆ ಈ ಬರವಣಿಗೇಲಿ ಎಂಎ ಮಾಡಿದ್ರೆ ಕೈಗೆ ಎಷ್ಟು ಬರುತ್ತೆ? ಅದನ್ನ ಹೇಳಿ," ಎಂದು ದರ್ಜಿ ಹೆಂಗಸೊಬ್ಬಳು ಮೈಕಿನಲ್ಲಿ ಕೇಳಿದಾಗ, ಪ್ರವೇಶದ ಮಾಹಿತಿಗೆಂದು ಪೋಷಕರು ಸೇರಿದ್ದ ಕಾಲೇಜಿನ ಸಭಾಂಗಣವೆಲ್ಲ ನಕ್ಕಿತು. ಮಗಳು ನಾಚಿ ಅಮ್ಮನ ತೋಳು ಜಗ್ಗಿದಳು. ವೇದಿಕೆಯ ಮೇಲಿದ್ದ ಪ್ರಾಂಶುಪಾಲರೂ ನಕ್ಕರು. "ಇಲ್ಲಿ ಓದಿದವರು ಎರಡೂ ಕೈಲಿ ಬಾಚ್ತಾ ಇದ್ದಾರೆ ತಾಯಿ. ಮುಂದಿನ ಪ್ರಶ್ನೆ?"

ಮೈಕನ್ನು ಸಾಲಿನಿಂದ ಸಾಲಿಗೆ ಒಯ್ಯುತ್ತಿದ್ದವಳು ಅಲ್ಲೇ ಆ ಎಂಎ ಮುಗಿಸಿ, ಅಲ್ಲೇ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದ ಹುಡುಗಿ. ದರ್ಜಿಯ ಕೈಯಿಂದ ಮೈಕು ತೆಗೆದುಕೊಂಡವಳು ಮುಂದಿನ ಸಾಲಿಗೆ ಹೋಗಲಿಲ್ಲ. ತನ್ನ ಬಾಯಿಗೇ ಹಿಡಿದಳು. "ನಾನೂ ಇದನ್ನೇ ಓದಿದ್ದು ಅಮ್ಮಾ. ತಿಂಗಳಿಗೆ ಹದಿನಾಲ್ಕು ಸಾವಿರ ಬರುತ್ತೆ, ರಜೆಯಲ್ಲಿ ಅದೂ ಇಲ್ಲ. ಬಾಡಿಗೆ ಕಟ್ಟಿದ್ರೆ ಕರೆಂಟ್ ಬಿಲ್ಲಿಗೆ ಅಣ್ಣನ ಮುಖ ನೋಡ್ಬೇಕು."

"ಏಯ್, ಮೈಕು ಕೊಡಮ್ಮ ಇಲ್ಲಿ! ನಾಳೆಯಿಂದ ಪಾಠಕ್ಕೆ ಬರೋದು ಬೇಡ್ವಾ ನಿಂಗೆ?" ಪ್ರಾಂಶುಪಾಲರ ನಗು ಮಾಯವಾಗಿತ್ತು. ಅವಳು ಮೈಕು ಬಿಡದೆ ದರ್ಜಿಯ ಕಡೆಗೇ ತಿರುಗಿದಳು. "ಓದಿದ್ದಕ್ಕೆ ನಂಗೆ ಬೇಜಾರಿಲ್ಲ. ನಿಮ್ಮ ಮಗಳೂ ಓದ್ಲಿ. ಆದ್ರೆ ಗೊತ್ತಿದ್ದು ಓದ್ಲಿ."

ಅಷ್ಟರಲ್ಲಿ ವೇದಿಕೆಯ ಪಕ್ಕದಿಂದ ಯಾರೋ ಮೈಕು ಆಫ್ ಮಾಡಿದರು. ಅವಳು ಅದನ್ನು ಖಾಲಿ ಕುರ್ಚಿಯೊಂದರ ಮೇಲಿಟ್ಟು, ಹಿಂದಿನ ಸಾಲುಗಳ ಕಡೆ ತಿರುಗಿ, ದನಿ ಏರಿಸಿ ಮತ್ತೆ ಮೊದಲಿನಿಂದ ಶುರುಮಾಡಿದಳು: "ತಿಂಗಳಿಗೆ ಹದಿನಾಲ್ಕು ಸಾವಿರ!"