ಎದುರು ಮನೆಯ ಹೊಗೆ

ಡೊನಾಟಾ ಗೀರಿದ ಕಡ್ಡಿ ಬೆರಳು ಸುಟ್ಟು ಆರಿತು. ಮಾಳಿಗೆಯ ಕೋಣೆಯಲ್ಲಿ ಗಂಡ ಕಾನಿಯೊ ಬೆಳಗ್ಗೆಯಷ್ಟೇ ತೀರಿಹೋಗಿದ್ದ. ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದು, ನೆರೆಯವರೇ ಅಡುಗೆ ತಂದು ಉಣ್ಣಿಸಬೇಕು. ನೆರೆಯವರ ಅಡುಗೆಯಲ್ಲಿ ಹಂದಿ ಕೊಬ್ಬು ಇದ್ದೇ ಇರುತ್ತದೆ. ಆದರೆ ಮಾಂಸ ಮುಟ್ಟದ ಆರು ಮಂದಿ ಮಿಲಾನಿನಿಂದ ಊಟಕ್ಕೆ ಬರುವವರಿದ್ದರು. ಯಾರೂ ಸುಳಿಯದ ಈ ಬೆಟ್ಟದೂರಿಗೆ ಬರುವ ಮೊದಲ ಅತಿಥಿಗಳೇ ಹಸಿದು ಹಿಂದಿರುಗಿದರೆ ಪ್ರವಾಸದ ಏಜೆಂಟ್ ಇನ್ನೊಬ್ಬರನ್ನು ಕಳಿಸುವುದಿಲ್ಲ. ಅವಳಿಗೆ ಬೇರೆ ಜೀವನೋಪಾಯವಿರಲಿಲ್ಲ. ಎರಡನೇ ಕಡ್ಡಿ ಗೀರಿದಳು.

"ಒಲೆ ಹೊಗೆಯಾಡ್ತಿದೆ ಅಂದ್ರೆ ಇನ್ನೂ ಇದಾನೆ ಅಂತಾಯ್ತು," ಎದುರು ಮನೆಯ ಕಿಟಕಿಯಿಂದ ಫಿಲೊಮೇನಾ ಕೂಗಿದಳು. "ನಿನ್ನ ಯಜಮಾನ ಗಟ್ಟಿ ಪಿಂಡ ಕಣೇ. ನಮ್ಮನ್ನೆಲ್ಲ ಕಳಿಸೇ ಅವನು ಹೊರಡೋದು."

"ಮಲಗಿದ್ದಾರೆ, ಮೆಲ್ಲಗೆ ಮಾತಾಡೇ," ಎಂದಳು ಡೊನಾಟಾ.

ಅತಿಥಿಗಳಲ್ಲೊಬ್ಬಳು ಚಮಚ ಎತ್ತುವ ಮೊದಲು ಅನುಮಾನಿಸಿದಳು. "ಇದಕ್ಕೆ ಹಂದಿ ಕೊಬ್ಬು ಸೋಕಿಲ್ಲ ತಾನೇ ಅಮ್ಮ?"

"ಇಲ್ಲ ಮಗಳೇ. ಬರೀ ಬೇಳೆ, ಸೊಪ್ಪು, ಎಣ್ಣೆ. ನೆಮ್ಮದಿಯಾಗಿ ಉಣ್ಣು."

ಅವರ ಕಾರು ತಿರುವು ದಾಟಿದ ಮೇಲೆ ಡೊನಾಟಾ ಒಲೆಗೆ ಕೊಡದ ತುಂಬ ನೀರು ಸುರಿದಳು. ರಾತ್ರಿಯ ಅಡುಗೆಗೆಂದು ಊರಿನ ಪ್ರತಿ ಮನೆಯೂ ಕೆಂಡ ಉಳಿಸಿಕೊಳ್ಳುವ ಹೊತ್ತು ಅದು. ಹೊಗೆ ಒಮ್ಮೆಲೇ ನಿಂತದ್ದನ್ನು ಫಿಲೊಮೇನಾ ಕಂಡಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಹೊಗೆಗೂಡಿನಿಂದ ದಟ್ಟ ಹೊಗೆ ಏಳತೊಡಗಿತು.